ಥರ್ಡ್ ಪಾರ್ಟಿ ಪಾಲಿಸಿ: ಎಷ್ಟಿದ್ದರೆ ಸಾಕು?

ವಿಮಾ ಏಜೆಂಟ್ ಪರೀಕ್ಷೆಗೆ ನನ್ನ ಜೊತೆ ಓದುತ್ತಿರುವ ಗಂಗಾವತಿ, ಸಿಂಧನೂರಿನ ಗೆಳೆಯರು ಮತ್ತೆ ಮತ್ತೆ ಎಡವುವ ಅಧ್ಯಾಯ ಇದು. ಅದಕ್ಕೇ ಪುಸ್ತಕ ಬದಿಗಿಟ್ಟು, ನಮ್ಮ ಕಾಕಾನ ಕಾರಿನ ಪಾಲಿಸಿಯನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಕಾಕಾ ಹುಣ್ಣಿಮೆಗೆ ಹುಲಿಗಿಗೆ ಹೊರಟಿದ್ದ ದಿನ, ಡ್ಯಾಶ್‌ಬೋರ್ಡಿನ ಡಬ್ಬಿಯಿಂದ ಆ ಹಾಳೆ ತೆಗೆದೆ. ನಾಲ್ಕು ಮಡಿಕೆ, ಮಡಿಕೆ ಬಿದ್ದಲ್ಲೆಲ್ಲ ಅಕ್ಷರ ಅಳಿಸಿತ್ತು. "ಇದನ್ನ ಓದೀರೇನು ಕಾಕಾ?" ಅಂದೆ. "ಪೊಲೀಸ್ರಿಗೆ ತೋರ್ಸಾಕ ಐತಲ್ಲ, ಓದೋದೇನೈತಿ?" ಅಂದರು. ಪ್ರೀಮಿಯಂ ಲೆಕ್ಕದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು: ಟಿಪಿಪಿಡಿ ಮಿತಿ ರೂ. 6,000.

ಆ ಸಾಲಿಗೆ ಬರುವ ಮೊದಲು ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಸುವಂತಿಲ್ಲ. ನಾವು ಒಬ್ಬರು, ಕಂಪನಿ ಇನ್ನೊಬ್ಬರು, ನಮ್ಮ ಗಾಡಿಯಿಂದ ಪೆಟ್ಟು ತಿಂದವರು ಮೂರನೆಯವರು. ಆ ಮೂರನೆಯವರಿಗೆ ನಾವು ಕೊಡಬೇಕಾದ ಪರಿಹಾರವನ್ನು ಕಂಪನಿ ಕೊಡುತ್ತದೆ. ನಮ್ಮ ಕಾರಿನ ಡೊಂಕು ತೆಗೆಸುವ ಖರ್ಚು ಇದರಲ್ಲಿ ಬರುವುದಿಲ್ಲ.

ಕೆಲವು ಹೊರದೇಶಗಳಲ್ಲಿ ಇಷ್ಟು ಮೊತ್ತದವರೆಗೆ ಎಂದು ಮಿತಿ ಆರಿಸಿಕೊಳ್ಳುವ ಪದ್ಧತಿ ಇದೆ. ನಮ್ಮಲ್ಲಿ ಕಾರು ಗುದ್ದಿ ಯಾರಾದರೂ ಸತ್ತರೆ, ಗಾಯಗೊಂಡರೆ, ಪಾಲಿಸಿಯಲ್ಲಿ ಮೊತ್ತದ ಮಿತಿಯೇ ಇಲ್ಲ. ಟ್ರಿಬ್ಯೂನಲ್, ಅಂದರೆ ಅಪಘಾತದ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ, ಎಷ್ಟು ಹೇಳುತ್ತದೋ ಅಷ್ಟು. ಇದು ಎಷ್ಟು ದೊಡ್ಡ ರಕ್ಷಣೆ ಎಂಬುದು ಲೆಕ್ಕ ಹಾಕಿದರೇ ತಿಳಿಯುವುದು. ಬಳ್ಳಾರಿಯ ಜೀನ್ಸ್ ಹೊಲಿಗೆ ಕೆಲಸಗಾರನೊಬ್ಬ, ವಯಸ್ಸು 32, ತಿಂಗಳಿಗೆ 20,000 ದುಡಿಮೆ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2,40,000. ನಲವತ್ತರ ಒಳಗಿನವನಾದ್ದರಿಂದ, ಸಂಬಳದ ನೌಕರಿ ಕಾಯಂ ಅಲ್ಲದಿದ್ದರೂ, ಮುಂದೆ ದುಡಿಮೆ ಹೆಚ್ಚುತ್ತಿತ್ತು ಎಂದು ಶೇ. 40 ಸೇರಿಸಬೇಕು; ಇದು 2017ರ ಪ್ರಣಯ್ ಸೇಥಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಆಗ 3,36,000. ಅವಲಂಬಿತರು ನಾಲ್ವರಾದ್ದರಿಂದ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 2,52,000. ಇದನ್ನು 2009ರ ಸರಳಾ ವರ್ಮಾ ಪ್ರಕರಣದ ಕೋಷ್ಟಕದಲ್ಲಿರುವ ಗುಣಕದಿಂದ ಗುಣಿಸಬೇಕು; 31ರಿಂದ 35 ವಯಸ್ಸಿಗೆ ಅದು 16. ಬಂದ ಮೊತ್ತ 40,32,000. ಅಂತ್ಯಕ್ರಿಯೆ ಮತ್ತಿತರ ಬಾಬತ್ತು ಇನ್ನೂ ಸೇರಬೇಕು. ಪರೀಕ್ಷೆಗೆ ಈ ಮೂರು ಹೆಜ್ಜೆ, ಕೂಡು, ಕಳೆ, ಗುಣಿಸು, ಇದೇ ಕ್ರಮದಲ್ಲಿ ಕೈಯಾರೆ ನಾಲ್ಕಾರು ಸಲ ಮಾಡಿ. ನಾನು ವಯಸ್ಸು, ದುಡಿಮೆ ಬದಲಿಸಿ ಬದಲಿಸಿ ಮಾಡಿದ ಮೇಲೇ ಇದು ತಲೆಯಲ್ಲಿ ನಿಂತಿದ್ದು.

ಈಗ ಕಾಕಾನ ಸಾಲು. ಟಿಪಿಪಿಡಿ ಎಂದರೆ ಮೂರನೆಯವರ ಆಸ್ತಿಗೆ ಆದ ಹಾನಿ. ಇದಕ್ಕೆ ಮಾತ್ರ ಮಿತಿ ಉಂಟು. ಖಾಸಗಿ ಕಾರಿಗೆ ಸಾಮಾನ್ಯವಾಗಿ 7.5 ಲಕ್ಷ, ಬೈಕಿಗೆ 1 ಲಕ್ಷ. ಪ್ರೀಮಿಯಂನಲ್ಲಿ ನೂರರ ಆಸುಪಾಸು ಉಳಿಸಲು ಇದನ್ನು 6,000ಕ್ಕೆ ಇಳಿಸುವ ಅವಕಾಶವಿದೆ. ಕಾಕಾನ ಹಾಳೆಯಲ್ಲಿ ಅದನ್ನೇ ಮಾಡಿದ್ದರು. ಅವರನ್ನು ಕೇಳಿ ಮಾಡಿದ್ದಲ್ಲ. ಕೊಪ್ಪಳದಿಂದ ಬಳ್ಳಾರಿ ಕಡೆಗೆ ಹೆದ್ದಾರಿ 67ರಲ್ಲಿ ಒಮ್ಮೆ ಹೋಗಿ ನೋಡಿ: ಅದಿರಿನ ಲಾರಿ, ಭತ್ತದ ಟ್ರ್ಯಾಕ್ಟರ್, ರಸ್ತೆಗೆ ಅಂಟಿಕೊಂಡ ಅಂಗಡಿ. ಒಂದು ಹೊಸ ಕಾರಿನ ಬಾಗಿಲು, ದೀಪ ಸರಿಮಾಡಿಸಲಿಕ್ಕೂ 6,000 ಸಾಲದು; ಮಿಕ್ಕಿದ್ದೆಲ್ಲ ಮಾಲೀಕನ ಜೇಬಿನಿಂದಲೇ. ನೂರು ರೂಪಾಯಿಗೆ ಇಷ್ಟು ದೊಡ್ಡ ಹೊರೆ ತಲೆಗೆ ಕಟ್ಟುವುದು ಅನ್ಯಾಯ. ನಾವು ಏಜೆಂಟರಾದ ಮೇಲೆ ಗಿರಾಕಿಗೆ ಹೇಳದೆ ಈ ಕೆಲಸ ಮಾಡಬಾರದು.

ಮಿತಿಗಿಂತ ದೊಡ್ಡ ಅಪಾಯ ಷರತ್ತುಗಳಲ್ಲಿದೆ. ಹುಲಿಗಿಗೆ, ಅಂಜನಾದ್ರಿಗೆ, ಮಂತ್ರಾಲಯಕ್ಕೆ ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಬಿಡುವುದು ನಮ್ಮ ಕಡೆ ಮಾಮೂಲು. ಖಾಸಗಿ ಕಾರಿನ ಪಾಲಿಸಿ ಬಾಡಿಗೆಯ ಓಡಾಟವನ್ನು ಹೊರಗಿಟ್ಟಿರುತ್ತದೆ. ಲೈಸೆನ್ಸ್ ಇಲ್ಲದ ಹುಡುಗನ ಕೈಗೆ ಕೀಲಿ ಕೊಟ್ಟರೂ ಇದೇ ಪಾಡು. ಇಂಥ ಪ್ರಕರಣಗಳಲ್ಲಿ ಎಷ್ಟೋ ಸಲ ಟ್ರಿಬ್ಯೂನಲ್, ಕಂಪನಿ ಮೊದಲು ನೊಂದವರಿಗೆ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎನ್ನುತ್ತದೆ. ಆಗ ಮೇಲಿನ 40 ಲಕ್ಷ ತಿರುಗಿ ಮಾಲೀಕನ ಮನೆಬಾಗಿಲಿಗೇ ಬರುತ್ತದೆ. 174ನೇ ಕಲಂ ಪ್ರಕಾರ ಅದನ್ನು ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿ ಮೂಲಕ ವಸೂಲಿ ಮಾಡಬಹುದು. ಕಾಲುವೆ ನೀರಿನ ಎರಡೆಕರೆ ಗದ್ದೆ ಇದ್ದವರಿಗೆ ಇದರರ್ಥ ಬಿಡಿಸಿ ಹೇಳಬೇಕಿಲ್ಲ.

ಕಾರಿನೊಳಗೆ ಕೂತ ನೆಂಟರ ವಿಷಯ ಬೇರೆ. ಪ್ಯಾಕೇಜ್ ಪಾಲಿಸಿ, ಅಂದರೆ ಜನ 'ಫುಲ್ ಇನ್ಶೂರೆನ್ಸ್' ಅನ್ನುವುದು, ಅವರನ್ನೂ ಒಳಗೊಳ್ಳುತ್ತದೆ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಆ ಭರವಸೆ ಇಲ್ಲ. ಮನೆಮಂದಿಯನ್ನು ತುಂಬಿಕೊಂಡು ಓಡಾಡುವ ಕಾರಿಗೆ ಪ್ಯಾಕೇಜೇ ಸರಿ ಎಂಬುದು ನನ್ನ ಅಭಿಪ್ರಾಯ. ಇನ್ನು 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಗಾಡಿ ಓಡಿಸುವ ಮಾಲೀಕನಿಗೆ. ಮೂರನೆಯವರ ಪರಿಹಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಇವೆರಡನ್ನೂ ಬೆರೆಸಬೇಡಿ.

ಹೊಸ ಕಾರಿಗೆ ಥರ್ಡ್ ಪಾರ್ಟಿ ಮೂರು ವರ್ಷಕ್ಕೆ ಒಟ್ಟಿಗೇ ಸಿಗುತ್ತದೆ. ಸ್ವಂತ ಹಾನಿಯ ಭಾಗ, ಅಂದರೆ ನಮ್ಮ ಕಾರಿಗೇ ಆಗುವ ಹಾನಿಯದು, ಒಂದು ವರ್ಷಕ್ಕೇ ಮುಗಿಯಬಹುದು. ಹೀಗಾಗಿ ಹಾಳೆಯಲ್ಲಿ ಎರಡು ತಾರೀಖು ಇರುತ್ತವೆ, ಎರಡನ್ನೂ ನೋಡಿ. ಕಾಕಾನದು ಹಳೆಯ ಕಾರು, ಒಂದೇ ತಾರೀಖು. ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿಸಿದೆ. ಪಕ್ಕದಲ್ಲಿ ಕಾಕಾ ತಾವೇ ಬರೆದುಕೊಂಡರು: "ಏಳೂವರಿ ಲಕ್ಷ ಕೇಳೂದು".