ಕಿಫುನೆ ಬಾಗಿಲಲ್ಲಿ ಸಿಗೋದು ತೀರ್ಥ ಅಲ್ಲ

ಪ್ರಶ್ನೆ: ಕ್ಯೋಟೋದ ಕಿಫುನೆ ಗುಡಿಗೆ ಹೋಗ್ತಿದ್ದೇವೆ, ಜಲದೇವತೆಯ ಗುಡಿಯಂತೆ. ಬಾಗಿಲ ಹತ್ತಿರ ತೊಟ್ಟಿ, ಸೌಟು ಇಟ್ಟಿರುತ್ತಾರಂತಲ್ಲ, ಆ ನೀರನ್ನು ತೀರ್ಥದ ಹಾಗೆ ಕುಡಿಯಬೇಕಾ?

ಬೇಡ. ಜಪಾನಿಗೆ ಹೊರಟವರೆಲ್ಲ ಇದನ್ನೇ ಕೇಳುತ್ತಾರೆ. ಬೇಡ ಅಂತ ಹೇಳಿ ಕಳಿಸಿದರೂ "ತೀರ್ಥ ತಗೊಂಡ್ವಿ" ಅಂತಲೇ ಫೋಟೋ ಹಾಕುತ್ತಾರೆ. ನಮ್ಮ ದೇವಸ್ಥಾನಗಳ ಹೊರಗೆ ಕಾಲು ತೊಳೆಯುವ ನಲ್ಲಿ ಇರುತ್ತದಲ್ಲ, ಇದು ಅದರ ಜಾತಿಗೆ ಸೇರಿದ್ದು. ಆ ನಲ್ಲಿ ನೀರನ್ನು ಯಾರಾದರೂ ಕಣ್ಣಿಗೊತ್ತಿಕೊಂಡು ಕುಡಿಯುತ್ತಾರಾ?

ಒಂದೇ ಸೌಟು ನೀರಲ್ಲಿ ಎಲ್ಲ ಮುಗಿಯಬೇಕು. ಮೊದಲು ಎಡಗೈ, ಆಮೇಲೆ ಬಲಗೈ ತೊಳೆಯಿರಿ. ಎಡ ಅಂಗೈಗೆ ಚೂರು ನೀರು ಬಗ್ಗಿಸಿಕೊಂಡು ಬಾಯಿ ಮುಕ್ಕಳಿಸಿ, ತೊಟ್ಟಿಯ ಹೊರಗೆ ಉಗುಳಿ. ಸೌಟಿಗೆ ಬಾಯಿ ಹಚ್ಚಬೇಡಿ, ಪಕ್ಕದವರು ಮುಖ ಸಿಂಡರಿಸುತ್ತಾರೆ. ಎಡಗೈಯನ್ನು ಮತ್ತೊಮ್ಮೆ ತೊಳೆದು, ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲೆ ಇಳಿದು ಅದೂ ಶುದ್ಧವಾಗುತ್ತದೆ. ಸೌಟು ಇಲ್ಲದಿದ್ದರೆ ಬೀಳುವ ನೀರಿಗೇ ಕೈಯೊಡ್ಡಿ.

"ಜಲದೇವತೆ ಅಂದಮೇಲೆ ಅಲ್ಲಿನ ನೀರೆಲ್ಲ ಪವಿತ್ರವೇ ತಾನೇ?" ಅಂತ ವಾದಕ್ಕೆ ಬರುವವರಿದ್ದಾರೆ. ಪವಿತ್ರ ಜಲ ಇದೆ ಸ್ವಾಮಿ, ಆದರೆ ಬೇರೆ ಜಾಗದಲ್ಲಿ. ಕೆಂಪು ದೀಪಕಂಬಗಳ ಮೆಟ್ಟಿಲು ಹತ್ತಿ ಒಳಗೆ ಹೋದರೆ ಅಂಗಳದ ಕಲ್ಲುಗೋಡೆಯಿಂದ ಬೆಟ್ಟದ ಒರತೆ ಸುರಿಯುತ್ತದೆ. ಜನ ಬಾಟಲಿ ತುಂಬಿಸಿಕೊಳ್ಳುವುದು ಅಲ್ಲಿ. ಶಕುನದ ಚೀಟಿಯನ್ನು ತೇಲಿಬಿಟ್ಟು, ಅಕ್ಷರ ಮೂಡುವುದನ್ನು ಬಗ್ಗಿ ನೋಡುವುದೂ ಒಳಗಿನ ನೀರಲ್ಲೇ.

ದಾರಿ ಸುಲಭ: ದೆಮಚಿಯನಗಿಯಿಂದ ಏಝಾನ್ ರೈಲು, ಕಿಬುನೆಗುಚಿಯಲ್ಲಿ ಇಳಿದು ಬಸ್ಸು, ಇಲ್ಲವೇ ಹೊಳೆಯ ಪಕ್ಕ ಸುಮಾರು 2 ಕಿ.ಮೀ. ನಡಿಗೆ. ಮೊದಲ ಗುಡಿಯಿಂದಲೇ ವಾಪಸ್ ಬರಬೇಡಿ. ಮೂಲಸ್ಥಾನ ಇನ್ನೂ ಮೇಲಿದೆ. 1046ರ ಪ್ರವಾಹದಲ್ಲಿ ಕೆಟ್ಟುಹೋಗಿ, 1055ರಲ್ಲಿ ಮುಖ್ಯ ಗುಡಿಯನ್ನು ಈಗಿನ ಜಾಗಕ್ಕೆ ತಂದರು. ನೀರಿನ ದೇವರಿಗೂ ನೀರು ಬಿಡಲಿಲ್ಲ!

ಅಂಗಳದಲ್ಲಿ ಒಂದು ಕಪ್ಪು, ಒಂದು ಬಿಳಿ ಕುದುರೆಯ ಪ್ರತಿಮೆ ಯಾಕೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಹೇಳುವ ಆಸೆ. ಇಲ್ಲಿನ ದೇವತೆ ತಕಾಓಕಮಿ, ಮಳೆ ತರಿಸುವುದೂ ನಿಲ್ಲಿಸುವುದೂ ಅದರದೇ ಕೈಲಿ. ಬರ ಬಿದ್ದರೆ ಅರಮನೆಯಿಂದ ಕಪ್ಪು ಕುದುರೆ ಬರುತ್ತಿತ್ತು, ಮಳೆ ಅತಿಯಾದರೆ ಬಿಳಿಯದು. ಜೀವಂತ ಕುದುರೆ ದುಬಾರಿ ಬಾಬತ್ತು, ಹಾಗಾಗಿ ಮುಂದೆ ಹಲಗೆಯ ಮೇಲೆ ಕುದುರೆ ಬರೆದು ಒಪ್ಪಿಸತೊಡಗಿದರು. ಜಪಾನಿನ ಗುಡಿಗಳಲ್ಲಿ ಪರೀಕ್ಷೆ ಪಾಸಾಗಲಿ, ಮದುವೆಯಾಗಲಿ ಅಂತ ಬರೆದು ನೇತುಹಾಕುವ ಹರಕೆ ಹಲಗೆಗಳು ಶುರುವಾದದ್ದೇ ಹೀಗೆ ಅನ್ನುತ್ತಾರೆ ಕಿಫುನೆಯವರು. ನೀವೂ ಒಂದು ಹಲಗೆ ಕಟ್ಟುವುದಾದರೆ ಧಾರಾಳವಾಗಿ ಕನ್ನಡದಲ್ಲೇ ಬರೆಯಿರಿ.