ನಿರೋಧ ಬೇರೆ, ಹರಣ ಬೇರೆ

ಮೊನ್ನೆ ಜಯನಗರದ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ನಿಂತಿದ್ದೆ. ಪಕ್ಕದಲ್ಲಿದ್ದ ಅತ್ತೆ ಸೊಸೆಗೆ ಹೇಳುತ್ತಿದ್ದರು: ‘ಬೇಡ ಕಣಮ್ಮ, ಅದು ಸಂತಾನಹರಣದ ಮಾತ್ರೆ. ಆಮೇಲೆ ಬೇಕು ಅಂದ್ರೂ ಮಕ್ಕಳಾಗಲ್ಲ.’ ಇದೇ ಪದವನ್ನು ಮದುವೆ ಮನೆಗಳಲ್ಲಿ, ಚೆನ್ನಾಗಿ ಓದಿದವರ ಬಾಯಲ್ಲೂ ಎಷ್ಟು ಸಲ ಕೇಳಿದ್ದೇನೋ. 1930ರಲ್ಲೇ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿದ ನಾಡು ಇದು. ಇನ್ನೂ ಈ ಗೊಂದಲ ಬೇಕಾ?

ಅದು ಗರ್ಭನಿರೋಧಕ ಮಾತ್ರೆ. ‘ರುಧ್’ ಅಂದರೆ ತಡೆ, ಅಡ್ಡಗಟ್ಟು. ವಿರೋಧ, ಅವರೋಧ, ಪ್ರತಿರೋಧ ಎಲ್ಲವೂ ಈ ಧಾತುವಿನಿಂದಲೇ ಬಂದವು. ತಡೆದದ್ದು ಎಲ್ಲೂ ಹೋಗಿರುವುದಿಲ್ಲ. ಅಡ್ಡ ಇಟ್ಟದ್ದನ್ನು ತೆಗೆದರೆ ಮೊದಲಿನ ಹಾಗೇ. ಜಲನಿರೋಧಕ ಜರ್ಕಿನ್ ಬಿಚ್ಚಿ ಮಳೆಯಲ್ಲಿ ನಿಂತರೆ ಮೈ ನೆನೆಯುತ್ತದೆ, ಅಲ್ವಾ? 1968ರಲ್ಲಿ ಸರ್ಕಾರ ಕಡಿಮೆ ಬೆಲೆಗೆ ಕಾಂಡೋಮ್ ಹಂಚಲು ಹೊರಟಾಗ ‘ನಿರೋಧ್’ ಅಂತಲೇ ಹೆಸರಿಟ್ಟಿತು. ಸರಿಯಾದ ಹೆಸರು.

‘ಹರಣ’ದ ಧಾತು ‘ಹೃ’. ಒಯ್ಯುವುದು, ಕಸಿಯುವುದು. ಅಪಹರಣ, ಪ್ರಾಣಹರಣ ನೆನಪಿಸಿಕೊಳ್ಳಿ. ಸಂತಾನಶಕ್ತಿಹರಣ ಚಿಕಿತ್ಸೆ ಅಂದರೆ ನಾವು ಬರೀ ‘ಆಪರೇಷನ್’ ಅನ್ನುತ್ತೇವಲ್ಲ, ಹೆಂಗಸರಿಗೆ ಮಾಡುವ ಟ್ಯುಬೆಕ್ಟಮಿ, ಗಂಡಸರಿಗೆ ಮಾಡುವ ವ್ಯಾಸೆಕ್ಟಮಿ. ಅದನ್ನು ಶಾಶ್ವತ ಅಂತ ತಿಳಿದೇ ಮಾಡಿಸಿಕೊಳ್ಳಬೇಕು. ಮಾತ್ರೆಗೆ ಆ ಪದ ಅಂಟಿಸಿದರೆ ಹೆದರಿಕೆ ತಾನಾಗಿಯೇ ಹುಟ್ಟುತ್ತದೆ.

‘ವಂಕಿ’ ನನಗೆ ತುಂಬಾ ಇಷ್ಟವಾದ ಪದ. ತೋಳಿಗೆ ತೊಡುವ ಬಾಗಿದ ಒಡವೆಯ ಹೆಸರು ಅದು. ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಹಾಕುವ ಕಾಪರ್-ಟಿಯನ್ನೂ ನಮ್ಮ ಹೆಂಗಸರು ವಂಕಿ ಅನ್ನುತ್ತಾರೆ. ಹಾಕಿಸಿಕೊಂಡದ್ದನ್ನು ತೆಗೆಸಬಹುದು ಅನ್ನುವುದು ಆ ಹೆಸರಿನಲ್ಲೇ ಇದೆ. ತೆಗೆಸಿದ ತಿಂಗಳೇ ಗರ್ಭ ನಿಲ್ಲಬಹುದು. ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ 1ರಿಂದ 3 ತಿಂಗಳಲ್ಲಿ ಮುಟ್ಟು ಮೊದಲಿನ ದಾರಿಗೆ ಬರುತ್ತದೆ. ಜಾಸ್ತಿ ತಡವಾಗುವುದು 3 ತಿಂಗಳಿಗೊಮ್ಮೆ ಕೊಡುವ ‘ಅಂತರ’ ಚುಚ್ಚುಮದ್ದಿನಲ್ಲಿ. ಗರ್ಭ ನಿಲ್ಲಲು ಕೊನೆಯ ಚುಚ್ಚುಮದ್ದಿನಿಂದ 7ರಿಂದ 10 ತಿಂಗಳು ಹಿಡಿಯಬಹುದು. ಅದೂ ತಡವೇ ಹೊರತು ಬಂಜೆತನ ಅಲ್ಲ.

ಹಾಗಾದರೆ ಮಾತ್ರೆ ಬಿಟ್ಟ ಮೇಲೆ ಕೆಲವರಿಗೆ ಯಾಕೆ ಕಷ್ಟ? 28ಕ್ಕೆ ಶುರು ಮಾಡಿ 36ಕ್ಕೆ ನಿಲ್ಲಿಸಿದವಳಿಗೆ ಮಗು ತಡವಾದರೆ ಎಲ್ಲರೂ ಮಾತ್ರೆಯನ್ನು ಬೈಯುತ್ತಾರೆ. ನಡುವೆ ವಯಸ್ಸಿಗೆ ಸೇರಿದ 8 ವರ್ಷ ಯಾರ ಲೆಕ್ಕಕ್ಕೂ ಬರುವುದಿಲ್ಲ. ಪಿಸಿಓಡಿ, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ, ಇರುವವರದ್ದು ಇನ್ನೊಂದು ಕಥೆ. ಮಾತ್ರೆ ನುಂಗುವಷ್ಟು ದಿನ ತಿಂಗಳು ತಿಂಗಳು ಸರಿಯಾಗಿ ರಕ್ತ ಹೋಗುತ್ತದೆ. ಬಿಟ್ಟಾಗ ಹಳೆಯ ಏರುಪೇರು ಮತ್ತೆ ಕಾಣುತ್ತದೆ. ಅದು ಮೊದಲೂ ಇತ್ತು. ಸುಮ್ನೆ ಮಾತ್ರೆಯನ್ನು ಬೈಯುತ್ತಾ ಕೂತರೆ ಅದಕ್ಕೆ ಚಿಕಿತ್ಸೆ ಸಿಗುವುದು ತಡವಾಗುತ್ತದೆ. ಪ್ರಯತ್ನ ಪಟ್ಟು 1 ವರ್ಷವಾದರೂ ಗರ್ಭ ನಿಲ್ಲದಿದ್ದರೆ, 35 ದಾಟಿದವರಾದರೆ 6 ತಿಂಗಳಿಗೇ, ಗಂಡ ಹೆಂಡತಿ ಇಬ್ಬರೂ ಡಾಕ್ಟರಿಗೆ ತೋರಿಸಿಕೊಳ್ಳಬೇಕು.