ಹಾಡಲು ಬಾರದ ನಟಿಗೆ ಹಾಡಿನ ಸಿನಿಮಾ ಕೊಡಬಹುದಾ?

ಪ್ರಶ್ನೆ: ಹಾಡುಗಳಿಂದಲೇ ಹೆಸರಾದ ಹಳೆಯ ಸಿನಿಮಾ ಒಂದನ್ನು ಈಗ ಮತ್ತೆ ತೆಗೆಯುತ್ತಾರೆ ಅಂದ್ಕೊಳ್ಳಿ. ಮುಖ್ಯ ಪಾತ್ರಕ್ಕೆ ಹಾಡುವವರನ್ನೇ ಹುಡುಕಬೇಕಾ? ಇಲ್ಲ, ಒಳ್ಳೆಯ ನಟಿಯನ್ನು ಹಾಕಿಕೊಂಡು ಹಿಂದಿನಿಂದ ಬೇರೆಯವರ ದನಿ ಕೊಟ್ಟರೆ ಸಾಕಾ? (ಕೊಪ್ಪಳದ ಓದುಗರೊಬ್ಬರು)

ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ತುಂಬ ಜನ ಕೇಳುತ್ತಾರೆ. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಬೇರೆಯವರ ದನಿ ಕೊಡುವುದು ತಪ್ಪೇನಲ್ಲ. ಆದರೆ ಪಾತ್ರ ಮಾತಾಡುತ್ತಾ ಆಡುತ್ತಾ ಹಾಡಿಗೆ ಇಳಿಯುವ ಒಂದು ಜಾಗ ಇರುತ್ತದೆ. ಮಾತಿನ ಕೊನೆಯ ಸಾಲು, ಹಾಡಿನ ಮೊದಲ ಸಾಲು. ಅಲ್ಲಿ ಬೆಸುಗೆ ಕಾಣಬಾರದು. ಕಂಡರೆ ಎಷ್ಟು ದೊಡ್ಡ ಸ್ಟಾರ್ ಇದ್ದರೂ ಪಾತ್ರ ಎರಡು ತುಂಡಾಗುತ್ತದೆ.

ನಾನು ಇದನ್ನು ಕಲಿತದ್ದು ಸಿರುಗುಪ್ಪ ತಾಲ್ಲೂಕಿನ ನಮ್ಮ ಊರಿನ ಜಾತ್ರೆ ನಾಟಕದಲ್ಲಿ. ಈ ಕಡೆಯವರಿಗೆ ಗೊತ್ತೇ ಇದೆ, ಜಾತ್ರೆ ನಾಟಕ ಅಂದರೆ ತಿಂಗಳುಗಟ್ಟಲೆ ತಾಲೀಮು. ಗಂಡು ಪಾತ್ರಗಳು ಊರ ಹುಡುಗರಿಗೆ. ಹೆಣ್ಣು ಪಾತ್ರಕ್ಕೆ ಬಳ್ಳಾರಿಯಿಂದ ಕಲಾವಿದೆಯರು ಬರುತ್ತಾರೆ. ಎಲ್ಲರ ಮೇಲೆ ಪೇಟಿ ಮಾಸ್ತರ್, ಅಂದರೆ ಹಾರ್ಮೋನಿಯಂ ನುಡಿಸುತ್ತಾ ಹಾಡು ಕಲಿಸುವವರು. ಆ ವರ್ಷ ನಾಯಕನಾಗಿದ್ದ ಹುಡುಗನಿಗೆ ಎತ್ತರ, ಮೈಕಟ್ಟು, ಕಣ್ಣು ಎಲ್ಲ ಇತ್ತು. ಮಾತೂ ಚೆನ್ನಾಗಿ ಆಡುತ್ತಿದ್ದ. ಶ್ರುತಿ ಮಾತ್ರ ನಿಲ್ಲುತ್ತಿರಲಿಲ್ಲ. ಕೊನೆಗೆ ಇನ್ನೊಬ್ಬ ಹುಡುಗನನ್ನು ಸೈಡ್‌ವಿಂಗ್‌ನಲ್ಲಿ ಮೈಕ್ ಮುಂದೆ ಕೂರಿಸಿ ಹಾಡಿಸಿದರು. ಇವನು ಮುಂದೆ ನಿಂತು ಬಾಯಿ ಆಡಿಸಿದ.

ಹಾಡು ಚೆನ್ನಾಗಿಯೇ ಬಂತು. ಒನ್ಸ್ ಮೋರ್ ಕೂಡ ಬಿತ್ತು. ಕೆಟ್ಟದ್ದು ಆಮೇಲೆ. ಹಾಡು ಮುಗಿದ ಕೂಡಲೇ ನಾಯಕ ಮಂಡಿಯೂರಿ ‘ಅವ್ವಾ’ ಅಂತ ಕೂಗಬೇಕು. ಕೂಗಿದ. ಹಾಡಿದ ದನಿಯೇ ಬೇರೆ, ಕೂಗಿದ ದನಿಯೇ ಬೇರೆ. ನನ್ನ ಪಕ್ಕ ಚಾಪೆಯ ಮೇಲೆ ಕುಳಿತಿದ್ದ ಅಜ್ಜಿ ತಟ್ಟನೆ ಕೇಳಿದರು, “ಮತ್ತೆ ಹಾಡಿದಾತ ಎಲ್ಲಿ ಹೋದ?” ಅವರು ತಮಾಷೆಗೆ ಕೇಳಿರಲಿಲ್ಲ. ಅವರ ಪಾಲಿಗೆ ನಿಜವಾಗಿಯೂ ಒಬ್ಬ ಎದ್ದು ಹೋಗಿ ಇನ್ನೊಬ್ಬ ಬಂದಿದ್ದ. ಹತ್ತು ನಿಮಿಷದಿಂದ ಕಟ್ಟಿದ್ದ ದುಃಖ ಅಲ್ಲಿಗೇ ಕರಗಿಹೋಯಿತು.

ಹಾಗಂತ ಹಿಂದಿನಿಂದ ಬರುವ ದನಿ ನಮ್ಮ ಜನಕ್ಕೆ ಹೊಸದಲ್ಲ. ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಗಲು ಗೊಂಬೆಯಾಟಕ್ಕೆ. ಆ ಆಟದಲ್ಲಿ ಗೊಂಬೆ ಪರದೆಯ ಮೇಲೆ, ಗಂಟಲು ಪರದೆಯ ಹಿಂದೆ. ಇದು ಎಲ್ಲರಿಗೂ ಗೊತ್ತಿದ್ದೂ ರಾಮ ಮಾತಾಡಿದರೆ ರಾಮನೇ ಮಾತಾಡಿದ ಹಾಗೆ ಕೇಳುತ್ತಾರೆ. ಯಾಕೆಂದರೆ ಅಲ್ಲಿ ಮಾತೂ ಹಿಂದಿನಿಂದಲೇ ಬರುತ್ತದೆ, ಹಾಡೂ ಹಿಂದಿನಿಂದಲೇ ಬರುತ್ತದೆ. ಸಿನಿಮಾದಲ್ಲಿ ಮಾತು ಒಬ್ಬರದು, ಹಾಡು ಒಬ್ಬರದು. ತೊಂದರೆ ಅಲ್ಲಿಂದ ಶುರು.

ಕನ್ನಡದ ಮೊದಲ ಮಾತಿನ ಚಿತ್ರ ತೆರೆಗೆ ಬಂದದ್ದು 1934ರಲ್ಲಿ. ಆಗ ನಟರೆಲ್ಲ ನಾಟಕದ ಕಂಪನಿಗಳಿಂದ ಬಂದವರು, ತಮ್ಮ ಹಾಡನ್ನು ತಾವೇ ಹಾಡುತ್ತಿದ್ದರು. ಮರು ವರ್ಷ ಕಲ್ಕತ್ತಾದಲ್ಲಿ ಹಾಡನ್ನು ಮೊದಲೇ ಬೇರೆಯವರ ದನಿಯಲ್ಲಿ ರೆಕಾರ್ಡ್ ಮಾಡಿಟ್ಟು, ನಟರು ಅದಕ್ಕೆ ಬಾಯಿ ಕೂಡಿಸುವ ಪದ್ಧತಿ ಬಂತು. ಅಲ್ಲಿಂದ ಇಡೀ ದೇಶ ಅದೇ ದಾರಿ ಹಿಡಿಯಿತು.

ರಾಜ್‌ಕುಮಾರ್ ಅವರನ್ನೇ ನೋಡಿ. ಗುಬ್ಬಿ ಕಂಪನಿಯಲ್ಲಿ ಬೆಳೆದವರು, ಹಾಡು ಅವರಿಗೆ ಉಸಿರಾಟದ ಹಾಗೆ. ಆದರೂ ವರ್ಷಗಟ್ಟಲೆ ಅವರಿಗೆ ಹಾಡಿದ್ದು ಪಿ.ಬಿ. ಶ್ರೀನಿವಾಸ್. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ರಾಜ್ ತಾವೇ ಹಾಡಿದ ಮೇಲೆ ಲೆಕ್ಕ ಬದಲಾಯಿತು. ಮುಂದೆ ‘ಜೀವನ ಚೈತ್ರ’ದ ಹಾಡಿಗೆ ಅವರಿಗೆ ಗಾಯಕನಾಗಿ ರಾಷ್ಟ್ರಪ್ರಶಸ್ತಿಯೇ ಬಂತು. ಆದರೆ ಪಿ.ಬಿ.ಎಸ್. ಕಾಲದ ಹಾಡುಗಳನ್ನು ಕೇಳುವಾಗ ಯಾರಿಗಾದರೂ ಮೋಸ ಅನ್ನಿಸಿತ್ತಾ? ಇಲ್ಲ. ಪಿ.ಬಿ.ಎಸ್. ತಮ್ಮ ದನಿಯನ್ನು ರಾಜ್ ಮಾತಿನ ಮೆತುವಿಗೆ ತಂದು ಕೂರಿಸುತ್ತಿದ್ದರು. ರಾಜ್ ಆ ಹಾಡನ್ನು ಕತ್ತಿನಿಂದ ನಟಿಸುತ್ತಿದ್ದರು. ಎರಡೂ ಕಡೆಯಿಂದ ದುಡಿಮೆ ಇತ್ತು.

ಈ ‘ಕತ್ತಿನಿಂದ ನಟಿಸುವುದು’ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮುಂದಿನ ಸಲ ಹಾಡಿನ ಕ್ಲೋಸಪ್ ಬಂದಾಗ ತುಟಿ ನೋಡಬೇಡಿ. ತುಟಿಯನ್ನು ಯಾರಾದರೂ ಕೂಡಿಸುತ್ತಾರೆ. ಕತ್ತಿನ ಬುಡದಲ್ಲಿ ಒಂದು ಸಣ್ಣ ಗುಣಿ ಇರುತ್ತದಲ್ಲ, ಅದನ್ನು ನೋಡಿ. ಹಾಡುವವರಿಗೆ ಸಾಲು ಎತ್ತುವ ಮೊದಲು ಅದು ಒಳಗೆ ಹೋಗುತ್ತದೆ, ಉಸಿರು ತುಂಬಿಕೊಳ್ಳುತ್ತದೆ. ಮೇಲಿನ ಷಡ್ಜ ಹಿಡಿದಾಗ ಕತ್ತಿನ ನರ ಬಿಗಿಯುತ್ತದೆ, ಗದ್ದ ಒಂಚೂರು ಏಳುತ್ತದೆ. ಸುಮ್ನೆ ಬಾಯಿ ಆಡಿಸುವವರಲ್ಲಿ ಇದ್ಯಾವುದೂ ಇರುವುದಿಲ್ಲ. ಉದ್ದನೆಯ ಆಲಾಪ ಮುಗಿದ ಮೇಲೂ ಅವರ ಎದೆ ಮೊದಲಿದ್ದಷ್ಟೇ ತಣ್ಣಗೆ ಇರುತ್ತದೆ. ನೋಡುವವರಿಗೆ ಏನು ತಪ್ಪಾಯಿತು ಅಂತ ಹೇಳಲು ಬರುವುದಿಲ್ಲ, ಆದರೆ ನಂಬಿಕೆ ಮಾತ್ರ ಹೋಗಿರುತ್ತದೆ.

ಇನ್ನು ಸಂಗೀತದ ಸಿನಿಮಾಗಳಲ್ಲಿ ಈ ವಾದಕ್ಕೆ ಜಗತ್ತೇ ಎತ್ತಿ ತೋರಿಸುವ ಉದಾಹರಣೆ ‘ಮೈ ಫೇರ್ ಲೇಡಿ’. ಬರ್ನಾರ್ಡ್ ಷಾ ನಾಟಕದಿಂದ ಹುಟ್ಟಿದ ಕತೆ. ಲಂಡನ್ ಬೀದಿಯಲ್ಲಿ ಹೂ ಮಾರುವ ಎಲೈಜಾ ಎಂಬ ಹುಡುಗಿಗೆ ಒಬ್ಬ ಪ್ರೊಫೆಸರ್ ದೊಡ್ಡಮನೆಯವರ ಇಂಗ್ಲಿಷ್ ಕಲಿಸಲು ಹೊರಡುತ್ತಾನೆ. 1956ರಲ್ಲಿ ನ್ಯೂಯಾರ್ಕ್ ರಂಗಭೂಮಿಯಲ್ಲಿ ಈ ಪಾತ್ರ ಮಾಡಿ, ಹಾಡಿ ಮನೆಮಾತಾದವರು ಜೂಲಿ ಆಂಡ್ರೂಸ್. ವಾರ್ನರ್ ಸ್ಟುಡಿಯೋ 55 ಲಕ್ಷ ಡಾಲರ್ ಕೊಟ್ಟು ಹಕ್ಕು ಕೊಂಡಿತು. ಅಷ್ಟು ದುಡ್ಡು ಹಾಕಿದ ಮೇಲೆ ಜಾಕ್ ವಾರ್ನರ್‌ಗೆ ಊರೂರಿಗೂ ಗೊತ್ತಿರುವ ಮುಖ ಬೇಕಾಯಿತು. ಜೂಲಿ ಅಲ್ಲಿಯವರೆಗೆ ಒಂದೂ ಸಿನಿಮಾ ಮಾಡಿರಲಿಲ್ಲ. ಪಾತ್ರ ಆಡ್ರಿ ಹೆಪ್‌ಬರ್ನ್ ಅವರಿಗೆ ಹೋಯಿತು.

ಆಡ್ರಿ ಹಾಡಲು ನಿಜವಾಗಿ ಕಷ್ಟಪಟ್ಟರು. ಪಾಠ ಹೇಳಿಸಿಕೊಂಡರು, ಹಾಡುಗಳನ್ನು ರೆಕಾರ್ಡ್ ಕೂಡ ಮಾಡಿದರು. ಕೊನೆಗೆ ಅದರಲ್ಲಿ ಹೆಚ್ಚಿನ ಪಾಲು ತೆಗೆದು ಮಾರ್ನಿ ನಿಕ್ಸನ್ ಎಂಬ ಗಾಯಕಿಯ ದನಿ ಹಾಕಿದರು. 1964ರಲ್ಲಿ ಬಂದ ಚಿತ್ರಕ್ಕೆ 8 ಆಸ್ಕರ್ ಸಿಕ್ಕವು. ಆಡ್ರಿಯ ಹೆಸರು ನಾಮಪಟ್ಟಿಯಲ್ಲೂ ಇರಲಿಲ್ಲ. ಆ ವರ್ಷ ಅತ್ಯುತ್ತಮ ನಟಿ ಪ್ರಶಸ್ತಿ ಬಂದದ್ದು ಜೂಲಿ ಆಂಡ್ರೂಸ್ ಅವರಿಗೆ, ‘ಮೇರಿ ಪಾಪಿನ್ಸ್’ ಚಿತ್ರಕ್ಕೆ. ಇತ್ತ ಪ್ರೊಫೆಸರ್ ಪಾತ್ರದ ರೆಕ್ಸ್ ಹ್ಯಾರಿಸನ್ ಮೊದಲೇ ಮಾಡಿದ ರೆಕಾರ್ಡಿಂಗ್‌ಗೆ ಬಾಯಿ ಕೂಡಿಸಲು ಒಪ್ಪಲೇ ಇಲ್ಲ. ಟೈ ಒಳಗೆ ವೈರ್‌ಲೆಸ್ ಮೈಕ್ ಅಡಗಿಸಿಕೊಂಡು ಸೆಟ್‌ನಲ್ಲೇ ಹಾಡಿದರು. ಅವರದು ಅರ್ಧ ಮಾತು, ಅರ್ಧ ಹಾಡು. ಆದರೂ ಮಾತೂ ಹಾಡೂ ಒಂದೇ ಎದೆಯಿಂದ ಬರುತ್ತವೆ. ಅತ್ಯುತ್ತಮ ನಟ ಪ್ರಶಸ್ತಿ ಅವರಿಗೇ ಬಂತು.

ನನಗೆ ಇಲ್ಲಿ ಸಂಕಟ ಆಗುವುದು ಬೇರೆ ಕಾರಣಕ್ಕೆ. ಆ ಕತೆ ಇರುವುದೇ ಒಬ್ಬ ಹುಡುಗಿಯ ಗಂಟಲಿನ ಬಗ್ಗೆ. ಅವಳ ಮಾತು ಹೇಗಿತ್ತು, ಹೇಗಾಯಿತು, ಅದರಿಂದ ಅವಳು ಏನು ಕಳಕೊಂಡಳು ಅನ್ನುವುದೇ ಇಡೀ ಸಿನಿಮಾ. ಅಂಥ ಪಾತ್ರದ ಗಂಟಲನ್ನೇ ಬದಲಾಯಿಸಿದರೆ ಹೇಗೆ? ಸಿಟ್ಟಿನ ಹಾಡೊಂದರಲ್ಲಿ ಆಡ್ರಿಯ ಸ್ವಂತ ದನಿ ಒಂದಷ್ಟು ಉಳಿದಿದೆ. ಅದು ಒರಟಾಗಿದೆ, ಅಲ್ಲಲ್ಲಿ ಬಿರಿಯುತ್ತದೆ. ಹೂ ಮಾರುವವಳ ಸಿಟ್ಟು ಹಾಗೇ ಇರಬೇಕು. ಮೇಲಕ್ಕೇರಿದಾಗ ನಿಕ್ಸನ್ ದನಿ ಬರುತ್ತದೆ. ತುಂಬ ಚೆಂದದ ದನಿ. ನನಗೆ ಮಾತ್ರ ಆ ಅಜ್ಜಿ ನೆನಪಾಗುತ್ತಾರೆ.

ಈ ಚಿತ್ರವನ್ನು ಮತ್ತೆ ತೆಗೆಯುವ ಮಾತು 2008ರ ಹೊತ್ತಿಗೆ ಎದ್ದಿತ್ತು. ಎಮಾ ಥಾಂಪ್ಸನ್ ಚಿತ್ರಕತೆ ಬರೆಯುವುದು ಅಂತಾಯಿತು. ಎಲೈಜಾ ಪಾತ್ರಕ್ಕೆ ಕೀರಾ ನೈಟ್ಲಿ, ಆಮೇಲೆ ಕ್ಯಾರಿ ಮುಲಿಗನ್ ಹೆಸರು ಓಡಾಡಿದವು. ಸಿನಿಮಾ ಆಗಲಿಲ್ಲ.

ಅದೇ ಕತೆಯನ್ನು ನಮ್ಮ ಕಡೆಗೆ ತಂದು ನೋಡಿ. ಬಳ್ಳಾರಿಯ ಕನಕ ದುರ್ಗಮ್ಮನ ಗುಡಿ ಮುಂದೆ ಹೂ ಮಾರುವ ಹುಡುಗಿ. ಅವಳ ಕನ್ನಡದಲ್ಲಿ ತೆಲುಗಿನ ಎಳೆತ ಇದೆ. ಮಾರು ಹೂ ಅಳೆಯುತ್ತಾ ಕೂಗುವ ಕೂಗೇ ಅವಳ ಮೊದಲ ಹಾಡು. ಅವಳಿಗೆ ಬೆಂಗಳೂರಿನವರೊಬ್ಬರು ‘ಶುದ್ಧ’ ಕನ್ನಡ ಕಲಿಸಲು ಬರುತ್ತಾರೆ. ಈ ಪಾತ್ರಕ್ಕೆ ಯಾರನ್ನು ಹಾಕುತ್ತೀರಿ? ‘ಏನ್ ಮಾಡ್ಲಿಕ್ಕತ್ತೀರಿ’ ಅನ್ನುವುದನ್ನು ಹದಿನೈದು ದಿನದಲ್ಲಿ ಬಾಯಿಪಾಠ ಮಾಡಿ ಬಂದ ನಟಿ, ಹಾಡಿಗೆ ಮುಂಬೈನ ಗಾಯಕಿ ಅಂದರೆ, ಬಳ್ಳಾರಿಯ ಜನ ಮೊದಲ ಸೀನಿನಲ್ಲೇ ಎದ್ದು ಹೋಗುತ್ತಾರೆ. ನಾನಂತೂ ಹೋಗುತ್ತೇನೆ.

ಸ್ಟಾರ್ ಬೇಡ ಅಂದರೆ ದುಡ್ಡು ಬರುವುದಿಲ್ಲ ಅನ್ನುವವರ ಮಾತಿನಲ್ಲೂ ನಿಜ ಇದೆ. ‘ವೆಸ್ಟ್ ಸೈಡ್ ಸ್ಟೋರಿ’ ಎರಡು ಸಲ ಬಂತು. 1961ರ ಚಿತ್ರದಲ್ಲಿ ಮರಿಯಾ ಪಾತ್ರ ನಟಾಲಿ ವುಡ್ ಅವರದು, ಹಾಡಿದ್ದು ಇದೇ ಮಾರ್ನಿ ನಿಕ್ಸನ್. 2021ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಮತ್ತೆ ತೆಗೆದಾಗ ಎಲ್ಲರಿಗೂ ಬಾಗಿಲು ತೆರೆದಿಟ್ಟರು. 30,000ಕ್ಕೂ ಜಾಸ್ತಿ ಜನ ತಮ್ಮ ವಿಡಿಯೋ ಕಳಿಸಿದರು. ಆರಿಸಿದ್ದು ರೇಚೆಲ್ ಝೆಗ್ಲರ್ ಎಂಬ ಹೈಸ್ಕೂಲ್ ಹುಡುಗಿಯನ್ನು. ಅವಳೇ ಮಾತಾಡಿದಳು, ಅವಳೇ ಹಾಡಿದಳು. ಸಿನಿಮಾವನ್ನು ಎಲ್ಲರೂ ಹೊಗಳಿದರು, ಆದರೆ ಥಿಯೇಟರಿನಲ್ಲಿ ಹಾಕಿದ ಬಂಡವಾಳ ಬರಲಿಲ್ಲ. ಆ ದಿನಗಳಲ್ಲಿ ಕೊರೋನಾ ಭಯವೂ ಇತ್ತು. ಏನೇ ಇರಲಿ, ಸೋತ ಕಾರಣವನ್ನು ಆ ಹುಡುಗಿಯ ಗಂಟಲಿನ ಮೇಲೆ ಹಾಕಲು ಆಗುವುದಿಲ್ಲ.

ಶ್ರುತಿಯ ವಿಷಯ ಹೇಳದೆ ಬಿಟ್ಟರೆ ಈ ಉತ್ತರ ಅರ್ಧವಾಗುತ್ತದೆ. ಹಳೆಯ ಸಿನಿಮಾ ಮತ್ತೆ ತೆಗೆಯುವವರು ಹಳೆಯ ಹಾಡನ್ನು ಹಳೆಯ ಶ್ರುತಿಯಲ್ಲೇ ಇಟ್ಟು, ಹೊಸ ನಟಿಯ ಗಂಟಲನ್ನು ಅಲ್ಲಿಗೆ ಎಳೆಯಲು ನೋಡುತ್ತಾರೆ. ನಮ್ಮ ಪೇಟಿ ಮಾಸ್ತರ್‌ಗಳು ಹಾಗೆ ಮಾಡುವುದಿಲ್ಲ. ಹೊಸಬರು ಬಂದ ಕೂಡಲೇ ಮೊದಲ ಪ್ರಶ್ನೆ, “ನಿಮ್ಮದು ಯಾವ ಮನೆ?” ಮನೆ ಅಂದರೆ ಪೇಟಿಯ ಕೀಲಿ, ಆಕೆಯ ಶ್ರುತಿ ಅಲ್ಲಿಂದ ಶುರು. ಕರಿ ಎರಡಾ, ಬಿಳಿ ನಾಲ್ಕಾ, ಅದನ್ನು ಹುಡುಕಿ ಪೇಟಿಯನ್ನು ಆಕೆಗೆ ಹೊಂದಿಸುತ್ತಾರೆ. 1981ರ ಹಿಂದಿ ಚಿತ್ರ ‘ಉಮ್ರಾವ್ ಜಾನ್’ಗೆ ಸಂಗೀತ ನಿರ್ದೇಶಕ ಖಯ್ಯಾಮ್ ಇಂಥದೇ ಕೆಲಸ ಮಾಡಿದರು. ಆಶಾ ಭೋಸ್ಲೆ ಅವರನ್ನು ಮಾಮೂಲಿಗಿಂತ ಕೆಳಗಿನ ಶ್ರುತಿಯಲ್ಲಿ ಹಾಡಿಸಿದರು. ಆ ತಗ್ಗಿದ ದನಿ ರೇಖಾ ಅವರ ಮಾತಿನ ದನಿಗೆ ಹತ್ತಿರ ಬಂದು ಕುಳಿತಿತು. ನಟಿಗೂ ಗಾಯಕಿಗೂ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. 2006ರಲ್ಲಿ ಅದೇ ಕತೆ ಐಶ್ವರ್ಯಾ ರೈ ಅವರೊಂದಿಗೆ ಮತ್ತೆ ಬಂತು. ಚೆಲುವಿಗೆ ಕೊರತೆ ಇರಲಿಲ್ಲ. ಜನ ಮಾತ್ರ ಹಳೆಯದನ್ನೇ ಕೇಳುತ್ತಾ ಉಳಿದರು.

ಹಾಗಾಗಿ ಓದುಗರಿಗೆ ನನ್ನ ಉತ್ತರ ಇಷ್ಟು. ಪಾತ್ರ ಸುಮ್ನೆ ಖುಷಿಗೆ ಹಾಡುವುದಾದರೆ, ಮರ ಸುತ್ತುವುದಾದರೆ, ಒಳ್ಳೆ ನಟಿ ಇರಲಿ, ಹಿನ್ನೆಲೆ ದನಿ ಇರಲಿ, ಏನೂ ಕೆಡುವುದಿಲ್ಲ. ಪಾತ್ರವೇ ಗಾಯಕಿಯಾಗಿದ್ದರೆ, ಅಥವಾ ಎಲೈಜಾ ಹಾಗೆ ದನಿಯೇ ಕತೆಯಾಗಿದ್ದರೆ, ಹಾಡುವವರೇ ಬೇಕು. ‘ಸಂಧ್ಯಾರಾಗ’ದಲ್ಲಿ ರಾಜ್ ಸಂಗೀತಗಾರನಾದಾಗ ಭೀಮಸೇನ ಜೋಶಿ ಹಾಡಿದ್ದು 1966ರ ಜನಕ್ಕೆ ಒಪ್ಪಿಗೆಯಾಯಿತು, ನನಗೂ ಅದು ಇಷ್ಟ. ಈಗ ಮತ್ತೆ ತೆಗೆಯುವುದಾದರೆ ನಾನು ಗಾಯಕನನ್ನೇ ಕೇಳುತ್ತೇನೆ. ಈಗ ಪ್ರತಿ ಗಾಯಕರ ಮುಖವೂ ಫೋನಿನಲ್ಲಿದೆ. ದನಿ ಯಾರದು ಅಂತ ಎಳೆ ಮಕ್ಕಳೂ ಹೇಳುತ್ತಾರೆ.

ಹಾಡಿ ನಟಿಸುವವರು ಎಲ್ಲಿ ಸಿಗುತ್ತಾರೆ ಅಂತ ಕೇಳಬೇಡಿ. ಗಂಡಸರೇ ಸೀರೆ ಉಟ್ಟು ಹೆಣ್ಣು ಪಾತ್ರ ಮಾಡುತ್ತಿದ್ದ ಕಾಲದಲ್ಲಿ ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬರಲಿ ಅಂತ ಹಟ ಹಿಡಿದ ರಂಗನಟ ಬಳ್ಳಾರಿ ರಾಘವರ ಊರು ಇದು. ಸುಭದ್ರಮ್ಮ ಮನ್ಸೂರ್ ಇದೇ ಬಳ್ಳಾರಿಯಲ್ಲಿದ್ದುಕೊಂಡು ಊರೂರು ಸುತ್ತಿ, ತಾವೇ ಹಾಡಿ, ಪೌರಾಣಿಕ ನಾಟಕಗಳನ್ನು ಬೆಳಗಿನವರೆಗೆ ನಡೆಸಿದರು. ಈಗಲೂ ಜಾತ್ರೆ ಸೀಸನ್ನಿನಲ್ಲಿ ರಾತ್ರಿ ಹತ್ತಕ್ಕೆ ಬಣ್ಣ ಹಚ್ಚಿ, ಕೋಳಿ ಕೂಗುವ ಹೊತ್ತಿಗೆ ಕೊನೆಯ ಪದ ಹಾಡಿ, ಮೊದಲ ಬಸ್ಸಿಗೆ ಮುಂದಿನ ಊರಿಗೆ ಹೋಗುವ ಹೆಣ್ಣುಮಕ್ಕಳು ಇಲ್ಲಿದ್ದಾರೆ. ಯಾವ ಸಿನಿಮಾದವರೂ ಅವರನ್ನು ಆಡಿಷನ್‌ಗೆ ಕರೆದದ್ದು ನಾನು ಕಂಡಿಲ್ಲ. ರಾಘವ ಕಲಾಮಂದಿರದಲ್ಲಿ ಒಂದು ದಿನ, ರಾಯಚೂರಿನ ಸಿದ್ದರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ಒಂದು ದಿನ ಬಾಗಿಲು ತೆರೆಯಲಿ. ಪೇಟಿ ಮುಚ್ಚಿಡಿ, ಕ್ಯಾಮೆರಾ ಆಮೇಲೆ. ಮೊದಲು ಒಂದು ಸಲ ‘ಅವ್ವಾ’ ಅಂತ ಕೂಗಲು ಹೇಳಿ, ಅದೇ ಉಸಿರಿನಲ್ಲಿ ಹಾಡು ಎತ್ತಲು ಹೇಳಿ.